ಪೋರ್ಟ್‌ರಶ್‌ನಲ್ಲಿ ಬಾಯಿಗೆ ಬೀಗ

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ನನ್ನನ್ನು ಭಾರಿ ಗಟ್ಟಿಗಿತ್ತಿ ಅಂದುಕೊಳ್ಳುವುದು ಬೇಡ. ಐರ್ಲೆಂಡಿನ ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ಏಳು ವರ್ಷದಿಂದ ಡಾಕ್ಟರಾಗಿದ್ದೇನೆ. ರಕ್ತ ಕಂಡರೆ ಹೆದರುವುದಿಲ್ಲ. ಕುಡಿದು ಬಂದು ಕೂಗಾಡುವವರನ್ನು ಒಂದೇ ಮಾತಿನಲ್ಲಿ ಕೂರಿಸುತ್ತೇನೆ. ಆದರೆ ಒಂದು ಫಾರಂ, ಒಂದು ಸೀಲು, ಗಾಜಿನ ಹಿಂದೆ ಕೂತು ಕತ್ತೆತ್ತದೆ ‘ನೆಕ್ಸ್ಟ್’ ಅನ್ನುವ ಒಬ್ಬ ಮನುಷ್ಯ, ಇಷ್ಟು ಕಂಡರೆ ಸಾಕು, ನನ್ನ ಹೆಸರಿನ ಸ್ಪೆಲಿಂಗೇ ನನಗೆ ಮರೆತುಹೋಗುತ್ತದೆ. ಹೀಗಿರುವವಳು ವೀಸಾ ಇಲ್ಲದೆ ಇನ್ನೊಂದು ದೇಶಕ್ಕೆ ಐಸ್‌ಕ್ರೀಮ್ ತಿನ್ನಲು ಹೋದೆ ಅಂದರೆ ನನ್ನ ಬುದ್ಧಿಗೆ ಏನನ್ನಬೇಕು!

ನನ್ನ ಮಗಳು ಕೃತಿಯ ಹಟ ಅದು. ಅವಳಿಗೆ ಆಗ ಆರು ವರ್ಷ ಮುಗಿದಿತ್ತು. ಕ್ಲಾಸಿನ ಮಕ್ಕಳೆಲ್ಲ ಪೋರ್ಟ್‌ರಶ್‌ಗೆ ಹೋಗಿ ಬಂದಿದ್ದರು. ಅದು ಹಳೇ ಕಾಲದ ಬ್ರಿಟಿಷ್ ಕಡಲತೀರದ ಊರು. ಮರಳು ದಂಡೆ, ಅದರುದ್ದಕ್ಕೂ ಅಡ್ಡಾಡಲು ಕಲ್ಲಿನ ಕಟ್ಟೆ, ಗಾಜಿನ ಪೆಟ್ಟಿಗೆಯಂಥ ಆಟದ ಯಂತ್ರಗಳಿಗೆ ನಾಣ್ಯ ಹಾಕುತ್ತ ಕೂರುವ ಆರ್ಕೇಡ್ ಅಂಗಡಿಗಳು, ಕೋಲಿನ ಹಾಗೆ ಮಾಡಿ ಮಾರುವ ಗುಲಾಬಿ ಬಣ್ಣದ ಗಟ್ಟಿ ಮಿಠಾಯಿ. ನಮ್ಮ ಮನೆಯಿಂದ ಕಾರಿನಲ್ಲಿ ಒಂದೂವರೆ ಗಂಟೆ.

ಅಡ್ಡಿ ಒಂದೇ, ಅದು ಬೇರೆ ದೇಶ. ನಾವಿರುವುದು ಐರ್ಲೆಂಡ್. ದಾರಿಯಲ್ಲಿ ಡೆರ್ರಿ ಪಟ್ಟಣ ಇನ್ನೂ ಬರುವ ಮುಂಚೆಯೇ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್ ಶುರುವಾಗಿಬಿಡುತ್ತದೆ. ಅಲ್ಲಿ ಗೇಟೂ ಇಲ್ಲ, ಪೇದೆಯೂ ಇಲ್ಲ. ಇಲ್ಲಿಯವರು ಪೆಟ್ರೋಲ್ ಹಾಕಿಸಲು, ಚಿಕ್ಕಮ್ಮನನ್ನು ನೋಡಲು ದಿನಕ್ಕೆರಡು ಸಲ ಆಚೆ ಈಚೆ ಓಡಾಡುತ್ತಾರೆ. ಇಂಡಿಯಾ ಪಾಸ್‌ಪೋರ್ಟಿನ ನಮಗೆ ಮಾತ್ರ ಆಚೆ ಕಾಲಿಡಲು ಬ್ರಿಟಿಷ್ ವೀಸಾ ಬೇಕು. ನಮ್ಮಲ್ಲಿ ಅದಿರಲಿಲ್ಲ. ಸಾಲದ್ದಕ್ಕೆ ನಮ್ಮ ಐರಿಷ್ ಪೌರತ್ವದ ಅರ್ಜಿ ಯಾವುದೋ ಕಚೇರಿಯ ಮೇಜಿನ ಮೇಲೆ ಒಂಬತ್ತು ತಿಂಗಳಿಂದ ಕೂತಿತ್ತು. ಅರ್ಜಿ ಹಾಕಿದವರ ನಡತೆ ಚೆನ್ನಾಗಿರಬೇಕು ಅನ್ನುವುದು ಅದರ ಷರತ್ತು. ಕದ್ದು ಗಡಿ ದಾಟಿ ಪೊಲೀಸರ ಕೈಗೆ ಸಿಕ್ಕವರ ನಡತೆಯನ್ನು ಅವರು ಏನೆಂದು ಬರೆದುಕೊಳ್ಳುತ್ತಾರೆ? ಆರು ವರ್ಷದ ನೈಟ್ ಡ್ಯೂಟಿ, ಪರೀಕ್ಷೆ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೊತ್ತ ಸಾಮಾನು, ಎಲ್ಲ ಒಂದು ಐಸ್‌ಕ್ರೀಮಿಗೆ ಹೋಗಿಬಿಟ್ಟರೆ?

“ಬುಂಡೋರನ್‌ಗೆ ಹೋಗೋಣ. ಅದೂ ಸಮುದ್ರಾನೇ, ನಮ್ ದೇಶದಲ್ಲೇ ಐತೆ,” ಅಂದೆ.

“ನಾಲ್ಕು ಸಲ ಹೋಗಿದೀವಲ್ಲೇ ಅಲ್ಲಿಗೆ,” ಅಂದರು ನನ್ನ ಗಂಡ ಹೇಮಚಂದ್ರ. ಅವರು ನಮ್ಮ ಆಸ್ಪತ್ರೆಯದೇ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. “ನಮ್ ಲ್ಯಾಬಿನೋರೆಲ್ಲ ಹೋಗ್ಬರ್ತಾರೆ ವನಜಾ. ಯಾರೂ ಕೇಳಲ್ಲ. ವಿ ವಿಲ್ ಬಿ ಗ್ರ್ಯಾಂಡ್.”

“ಗ್ರ್ಯಾಂಡ್ ಅಂತೆ ಗ್ರ್ಯಾಂಡು! ಸಿಕ್ಕಾಕ್ಕೊಂಡ್ರೆ ನಿಮ್ ಗ್ರ್ಯಾಂಡು ಬಂದು ಬಿಡಿಸುತ್ತಾ?”

ಪಕ್ಕದ ಮನೆಯ ಬ್ರೀಡಾ ಕೂಡ ಬೇಲಿಯ ಮೇಲಿಂದ ‘ಗ್ರ್ಯಾಂಡ್’ ಅಂದಳು, ಇಲ್ಲಿಯವರ ಬಾಯಲ್ಲಿ ಅದಕ್ಕೆ ‘ಏನೂ ಆಗಲ್ಲ ಬಿಡು’ ಅಂತ ಅರ್ಥ. ಇಡೀ ದೇಶವೇ ಗ್ರ್ಯಾಂಡ್ ಅನ್ನುವಾಗ ನಾನೊಬ್ಬಳು ಎಷ್ಟು ದಿನ ಬೇಡ ಅನ್ನಲಿ? ನಮ್ಮ ಮನೆಗೆ ಬಂದಿದ್ದ ಅತ್ತೆ ಮುಂದಿನ ವಾರ ಊರಿಗೆ ಹೊರಡುವವರಿದ್ದರು. ಅವರಿಗೂ ಒಂದು ಕಡೆ ತೋರಿಸಿದ ಹಾಗಾಗುತ್ತದೆ ಎಂದು ಒಪ್ಪಿಕೊಂಡೆ.

ತಮಾಷೆ ಏನೆಂದರೆ, ಕಾರಿನಲ್ಲಿದ್ದ ನಾಲ್ವರಲ್ಲಿ ಆಚೆ ಹೋಗುವ ಹಕ್ಕಿದ್ದದ್ದು ಅತ್ತೆಗೆ ಮಾತ್ರ. ಚಿತ್ರದುರ್ಗದಿಂದ ಮೂರು ತಿಂಗಳಿಗೆಂದು ಬಂದಿದ್ದ ತುಂಗಮ್ಮನವರ ವಿಸಿಟ್ ವೀಸಾದ ಮೇಲೆ, ಎರಡೂ ಕಡೆ ಓಡಾಡಬಹುದು ಅನ್ನುವುದಕ್ಕೆ ಗುರುತಾಗಿ ನಾಲ್ಕು ಇಂಗ್ಲಿಷ್ ಅಕ್ಷರ ಅಚ್ಚಾಗಿದ್ದವು. ಆರು ವರ್ಷ ಟ್ಯಾಕ್ಸ್ ಕಟ್ಟಿದ ನಮಗಿಲ್ಲದ ಭಾಗ್ಯ! ಬೆಂಗಳೂರು ಏರ್‌ಪೋರ್ಟಿನಲ್ಲಿ ಯಾರೋ, “ಅಮ್ಮಾ, ಪಾಸ್‌ಪೋರ್ಟ್ ಮಾತ್ರ ಕೈ ಬಿಡ್ಬೇಡಿ,” ಅಂದಿದ್ದರಂತೆ. ಅವತ್ತಿನಿಂದ ಅದನ್ನು ಎಲೆ ಅಡಿಕೆಯ ಸಂಚಿಯೊಳಗೆ ತುರುಕಿ, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದರು, ಸ್ನಾನಕ್ಕೆ ಹೋಗುವಾಗ ಬಚ್ಚಲ ಬಾಗಿಲಿಗೆ ನೇತು ಹಾಕುತ್ತಿದ್ದರು.

ಗಡಿ ಎಲ್ಲಿ ಅನ್ನುವುದು ರಸ್ತೆಯ ಅಂಚಿನ ಗೆರೆ ನೋಡಿದರೆ ಗೊತ್ತಾಗುತ್ತದೆ. ನಮ್ಮ ಕಡೆ ಅದು ಹಳದಿ, ಆ ಕಡೆ ಬಿಳಿ. ಹಳದಿ ಹಳದಿ ಹಳದಿ ಅಂತ ನೋಡುತ್ತಲೇ ಇದ್ದೆ, ಬಿಳಿಯಾಯಿತು. ಮೊಬೈಲು ಟಿಣ್ ಅಂದಿತು. ‘ಯುನೈಟೆಡ್ ಕಿಂಗ್‌ಡಮ್‌ಗೆ ಸ್ವಾಗತ.’ ಯಾರೋ ನೋಡಿಬಿಡುತ್ತಾರೆ ಅನ್ನುವ ಹಾಗೆ ಅದನ್ನು ಕೂಡಲೇ ಅಳಿಸಿದೆ.

“ಮೆಲ್ಲಗೆ ಓಡಿಸಿ. ಇಲ್ಲಿ ಸ್ಪೀಡು ಮೈಲಿ ಲೆಕ್ಕ,” ಅಂದೆ. ಆಮೇಲೆ ಹಿಂದೆ ತಿರುಗಿದೆ. ಈಗ ಹೇಳುವ ಮಾತು ನನ್ನ ಬಾಯಿಂದಲೇ ಬಂದದ್ದು, ಯಾರ ಮೇಲೂ ಹಾಕುವಂತಿಲ್ಲ.

“ಕೃತಿ, ಕೇಳಿಲ್ಲಿ. ಅಲ್ಲಿ ಯಾರೇ ಹೆಸರು ಕೇಳಿದ್ರೂ ಹೇಳ್ಬಾರ್ದು. ಯಾವೂರು ಅಂದ್ರೂ ಹೇಳ್ಬಾರ್ದು. ಪೊಲೀಸ್ ಕಂಡ್ರೆ ಸೀದಾ ಹೋಗಿ ಅಪ್ಪನ ಹಿಂದೆ ನಿಂತ್ಕೊಂಬಿಡು. ಗೊತ್ತಾಯ್ತಾ?”

“ವೈ, ಮ್ಯಾಮಿ?” ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ನಾವಿರುವ ಡೊನೆಗಾಲ್ ಜಿಲ್ಲೆಯ ರಾಗದ ಇಂಗ್ಲಿಷಿನಲ್ಲಿ.

“ಅದೊಂದು ಆಟ ಪುಟ್ಟಿ. ಬಾಯಿಗೆ ಬೀಗ ಹಾಕೋ ಆಟ.”

ಅವಳಿಗೆ ಅದು ಬಹಳ ಇಷ್ಟವಾಯಿತು. ತುಟಿ ಒತ್ತಿ ಹಿಡಿದು, ತುಟಿಯ ಮೇಲೆ ಎರಡು ಬೆರಳಿಟ್ಟು ಎರಡು ಸುತ್ತು ತಿರುಗಿಸಿದಳು, ಕಾಣದ ಬೀಗದ ಕೈಯನ್ನು ಕಿತ್ತು ನನ್ನತ್ತ ಚಾಚಿದಳು. ನಾನು ಅದನ್ನು ತೆಗೆದುಕೊಂಡು, ಹ್ಯಾಂಡ್‌ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ ಎಳೆದೆ.

ಅತ್ತೆ ನೋಡುತ್ತಿದ್ದರು. “ಮಗೀಗೆ ಇದನ್ನೆಲ್ಲ ಯಾಕಮ್ಮ ಹೇಳ್ಕೊಡ್ತೀಯ? ಪೊಲೀಸ್ನೋರೇನು ಹುಲಿನಾ ಕರಡಿನಾ?”

“ನಿಮಗೆ ಗೊತ್ತಾಗಲ್ಲ, ಸುಮ್ನಿರಿ ಅತ್ತೆ,” ಅಂದೆ. ದನಿ ಜೋರಾಗಿಯೇ ಬಂತು. ಅವರು ಕಿಟಕಿಯ ಕಡೆ ತಿರುಗಿ ಕೂತರು.

ಪೋರ್ಟ್‌ರಶ್ ಬಿಸಿಲಿನಲ್ಲಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಮರಳಿನ ಮೇಲೆ ಮಕ್ಕಳು, ನಾಯಿಗಳು, ಗಾಳಿಗೆ ಅಡ್ಡವಾಗಿ ನೆಟ್ಟ ಬಟ್ಟೆಯ ಪರದೆ, ಅದರ ಹಿಂದೆ ಕುರ್ಚಿ ಹಾಕಿ ಚಹಾ ಕುಡಿಯುವ ಮುದುಕರು. ಎಲ್ಲ ಕಡೆ ಹುರಿದ ಮೀನಿನ ವಾಸನೆ. ಅತ್ತೆ ಸೀರೆಯ ಮೇಲೆ ನನ್ನ ಹಳೇ ಉಣ್ಣೆ ಕೋಟು ತೊಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿ ಕಟ್ಟೆಯ ಬೆಂಚಿನ ಮೇಲೆ ರಾಣಿಯ ಹಾಗೆ ಕೂತರು. ನಾನು ಮಾತ್ರ ಪ್ರತಿಯೊಬ್ಬರ ಮುಖ ನೋಡುತ್ತಿದ್ದೆ. ಕಪ್ಪು ಪ್ಯಾಂಟು ಕಂಡರೆ ಪೊಲೀಸ್, ಹಳದಿ ಜಾಕೆಟ್ ಕಂಡರೆ ಪೊಲೀಸ್. ಒಂದು ಸಲ ಕಸ ಗುಡಿಸುವವನನ್ನು ಕಂಡು ಐಸ್‌ಕ್ರೀಮ್ ಸಾಲಿನಿಂದಲೇ ಹೊರಗೆ ಬಂದೆ.

ಐಸ್‌ಕ್ರೀಮ್ ಕೇಳುವ ಸರದಿ ಬಂದಾಗ ಕೃತಿ ನನ್ನ ಮುಂದೆ ಅಂಗೈ ಚಾಚಿದಳು. ಏನೆಂದು ತಿಳಿಯಲಿಲ್ಲ. ಅವಳು ಕಣ್ಣಿನಲ್ಲೇ ಬ್ಯಾಗು ತೋರಿಸಿದಳು. ಓಹೋ! ಜಿಪ್ ತೆಗೆದು ಬೀಗದ ಕೈ ಕೊಟ್ಟೆ. ಅವಳು ತುಟಿಯ ಬಳಿ ಎರಡು ಸುತ್ತು ತಿರುಗಿಸಿ, ತನಗೆ ಸ್ಟ್ರಾಬೆರಿ ಬೇಕೆಂದು ಹೇಳಿ, ಮತ್ತೆ ಬೀಗ ಹಾಕಿ ಕೀಯನ್ನು ನನಗೇ ಕೊಟ್ಟಳು. ಅಂಗಡಿಯವಳು ನಕ್ಕಳು. ನಾನೂ ನಕ್ಕೆ.

ಎರಡು ಗಂಟೆಯ ಹೊತ್ತಿಗೆ ಪಾರ್ಕಿಂಗ್ ಚೀಟಿಯ ಅವಧಿ ಮುಗಿಯುತ್ತದೆಂದು ನೆನಪಾಗಿ ಗಂಡನ ಪ್ರಾಣ ತಿಂದೆ. “ಇಲ್ಲಿ ಒಂದು ಫೈನ್ ಕೂಡ ನಮ್ ಹೆಸರಲ್ಲಿ ಬೀಳ್ಬಾರ್ದು. ಹೋಗಿ ಬೇರೆ ಚೀಟಿ ಹಾಕ್ಬನ್ನಿ.” ಅವರು ಗೊಣಗುತ್ತ ಹೋದರು. ನಾನು ಕೃತಿಯನ್ನು ಕರೆದುಕೊಂಡು ಆರ್ಕೇಡಿನ ಒಳಗೆ ಹೋದೆ.

ಒಳಗೆ ಗದ್ದಲವೋ ಗದ್ದಲ. ಯಂತ್ರಗಳು ಹಾಡುತ್ತಿದ್ದವು, ನಾಣ್ಯಗಳು ತಟ್ಟೆಗೆ ಸುರಿಯುತ್ತಿದ್ದವು. ಚಿಲ್ಲರೆ ಕೊಡುವ ಕೌಂಟರಿನ ಹತ್ತಿರ ನಿಂತಿದ್ದೆವು. ಆಗ ಬಾಗಿಲಿನಿಂದ ಇಬ್ಬರು ಪೊಲೀಸರು ಬಂದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಸೀದಾ ನಮ್ಮ ಕಡೆಗೇ. ಜಾಕೆಟ್ಟಿನ ಟೋಪಿಯನ್ನು ತಲೆಯ ಮೇಲೆ ಎಳೆದುಕೊಂಡು, ಒಂದು ಯಂತ್ರದ ಗಾಜಿಗೆ ಮುಖ ಅಂಟಿಸಿ ನಿಂತೆ. ಟೋಪಿ ಎಳೆಯಲು ಎರಡೂ ಕೈ ಬೇಕಿತ್ತು. ಅದಕ್ಕಾಗಿ ಕೃತಿಯ ಕೈ ಬಿಟ್ಟೆ.

ಅವರು ಕೌಂಟರಿನವಳ ಜೊತೆ ಏನೋ ಹರಟಿ, ನಕ್ಕು, ಹೊರಟು ಹೋದರು. ಒಂದೆರಡು ನಿಮಿಷವಾಗಿರಬಹುದು. ನಾನು ಟೋಪಿ ಸರಿಸಿ ಕೆಳಗೆ ಕೈ ಚಾಚಿದೆ. ಕೈಗೆ ಏನೂ ಸಿಗಲಿಲ್ಲ.

“ಕೃತಿ?”

ಪಕ್ಕದ ಯಂತ್ರದ ಹಿಂದೆ ನೋಡಿದೆ, ಅದರಾಚೆಯ ಸಾಲಿನಲ್ಲಿ ನೋಡಿದೆ. ಗೊಂಬೆ ಎತ್ತುವ ಯಂತ್ರದ ಮುಂದೆ ಕೃತಿಯಷ್ಟೇ ಎತ್ತರದ, ಕೃತಿಯ ಹಾಗೇ ಹಳದಿ ಅಂಗಿ ತೊಟ್ಟ ಮಗು ನಿಂತಿತ್ತು. ಭುಜ ಹಿಡಿದು ತಿರುಗಿಸಿದರೆ ಬೇರೆ ಮುಖ. ಆ ಮಗು ಹೆದರಿ ಅತ್ತಿತು. ಅದರ ತಾಯಿ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು.

ಹೊರಗೆ ಓಡಿದೆ. ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು. ರಸ್ತೆಯಲ್ಲಿ ಒಂದರ ಹಿಂದೆ ಒಂದು ಕಾರು. ರಸ್ತೆಯಾಚೆ ಕಟ್ಟೆ, ಕಟ್ಟೆಯಾಚೆ ಮರಳು, ಮರಳಿನಾಚೆ ನೀರು. ಬೆಳಗ್ಗೆ ಬಂದಾಗ ನೀರು ಎಲ್ಲೋ ದೂರದಲ್ಲಿತ್ತು. ಈಗ ಅರ್ಧ ಮರಳು ಕಾಣುತ್ತಿರಲಿಲ್ಲ. ಮಕ್ಕಳು ಬೆಳಗ್ಗೆ ಕಟ್ಟಿದ್ದ ಮರಳಿನ ಮನೆಗಳಲ್ಲಿ ಒಂದೂ ಉಳಿದಿರಲಿಲ್ಲ. ಅಯ್ಯೋ ದೇವರೇ, ನೀರಿಗೆ ಹೋಗಿದ್ದರೆ?

ಅತ್ತೆಯ ಬೆಂಚಿಗೆ ಓಡಿದೆ. “ಕೃತಿ ಬಂದ್ಲಾ?”

“ಇಲ್ವಲ್ಲಮ್ಮ. ನಿನ್ ಜೊತೇನೇ ಇದ್ಲಲ್ಲ?”

ಅಲ್ಲಿಂದ ಕಟ್ಟೆಯುದ್ದಕ್ಕೂ ಓಡಿದೆ. ಕಟ್ಟೆಯ ತುದಿಯಲ್ಲಿ ಹಳದಿ ನೀಲಿ ಚೌಕುಳಿಯ ಪೊಲೀಸ್ ವ್ಯಾನ್ ನಿಂತಿತ್ತು. ಅದನ್ನು ಕಂಡದ್ದೇ ನನ್ನ ಕಾಲು ತಾನಾಗಿಯೇ ರಸ್ತೆ ದಾಟಿ ಆ ಬದಿಗೆ ಹೋಯಿತು. ಅಂಗಡಿಗಳ ನೆರಳಿನಲ್ಲಿ ನಡೆದು, ವ್ಯಾನನ್ನು ದಾಟಿದ ಮೇಲೆ ಮತ್ತೆ ಈ ಬದಿಗೆ ಬಂದೆ. ಮಗು ಕಳೆದುಕೊಂಡ ತಾಯಿ ಮಾಡುವ ಕೆಲಸವೇ ಇದು? ಆದರೆ ಮಾಡಿದೆ.

ಹೇಮಚಂದ್ರ ಎದುರಿಗೆ ಸಿಕ್ಕರು. ಒಬ್ಬರೇ. ನನ್ನ ಮುಖ ನೋಡಿದ ಕೂಡಲೇ ಅವರ ಬಣ್ಣ ಇಳಿಯಿತು.

“ಎಲ್ಲಿ ಮಗು?”

“ಆರ್ಕೇಡಲ್ಲಿ… ಪೊಲೀಸ್ ಬಂದ್ರು… ನಾನು ಹಿಂಗೆ ತಿರುಗಿದ್ದೆ ಅಷ್ಟೇ ರೀ…”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ವ್ಯಾನ್ ಅಲ್ಲೇ ನಿಂತಿದೆ. ನಡಿ, ಹೇಳೋಣ,” ಅಂದು ಎರಡು ಹೆಜ್ಜೆ ಮುಂದಿಟ್ಟರು.

ನಾನು ಅವರ ತೋಳು ಹಿಡಿದೆ. “ಐದ್ ನಿಮಿಷ ತಡೀರಿ. ಐದೇ ನಿಮಿಷ. ಇಲ್ಲೇ ಎಲ್ಲೋ ಇರ್ತಾಳೆ. ಹೇಳಿದ್ರೆ ಹೆಸ್ರು ಕೇಳ್ತಾರೆ, ಅಡ್ರೆಸ್ ಕೇಳ್ತಾರೆ, ವೀಸಾ ಕೇಳ್ತಾರೆ. ಎಲ್ಲ ಮುಗ್ದೋಗುತ್ತೆ ರೀ.”

ಅವರು ನನ್ನ ಕೈ ಕೊಡವಿಕೊಂಡು ಹೋಗುತ್ತಾರೆ ಅಂದುಕೊಂಡಿದ್ದೆ. ‘ಗ್ರ್ಯಾಂಡ್’ ಅಂದವರು ಅವರೇ ತಾನೇ? ವ್ಯಾನಿನ ಕಡೆ ನೋಡಿದರು, ನೀರಿನ ಕಡೆ ನೋಡಿದರು. “ಐದ್ ನಿಮಿಷ,” ಅಂದರು. ನನ್ನಷ್ಟೇ ಪುಕ್ಕಲು ಈ ಮನುಷ್ಯ ಅನ್ನುವುದು ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನಗೆ ಗೊತ್ತಾಯಿತು.

ಅವರು ಬಂದರಿನ ಕಡೆ ಹೋದರು, ನಾನು ಮರಳಿಗೆ ಇಳಿದೆ. ಶೂ ಒಳಗೆ ನೀರು ತುಂಬಿತು. “ಕೃತೀ!” ಎಂದು ಕೂಗಲು ಬಾಯಿ ತೆರೆದವಳು, ಜೋರಾಗಿ ಕೂಗಿದರೆ ಎಲ್ಲ ತಿರುಗಿ ನೋಡುತ್ತಾರಲ್ಲ, ಯಾರಾದರೂ ಪೊಲೀಸರನ್ನು ಕರೆದರೆ ಅಂತ ಬಾಯಿ ಮುಚ್ಚಿಕೊಂಡೆ. ಎಂಥಾ ಹೆಂಗಸು ನಾನು! ಮಗಳ ಹೆಸರನ್ನು ಪಿಸುಗುಟ್ಟುತ್ತ ಹುಡುಕಿದೆ. ನೀರಿನಲ್ಲಿ ಏನೋ ಹಳದಿ ತೇಲಿತು. ಸೊಂಟದವರೆಗೆ ನೀರಿಗೆ ಇಳಿದು ಅದನ್ನು ಹಿಡಿದೆ. ಯಾರದೋ ಪ್ಲಾಸ್ಟಿಕ್ ಬಕೆಟ್ಟು. ಆಸ್ಪತ್ರೆಗೆ ನೀರಿನಿಂದ ಎತ್ತಿ ತಂದ ಮಕ್ಕಳನ್ನು ನಾನು ನೋಡಿದ್ದೇನೆ. ಅವರ ತುಟಿ ಯಾವ ಬಣ್ಣಕ್ಕೆ ತಿರುಗಿರುತ್ತದೆ ಅಂತ ಗೊತ್ತು. ಎಷ್ಟು ನಿಮಿಷಕ್ಕೆ ಏನೇನು ಆಗುತ್ತದೆ ಅಂತಲೂ ಗೊತ್ತು. ಬೇಡವೆಂದರೂ ಆ ನಿಮಿಷಗಳು ತಲೆಯೊಳಗೆ ಓಡತೊಡಗಿದವು, ಮೂರು, ನಾಲ್ಕು, ಐದು.

ಐದು ನಿಮಿಷ ಇಪ್ಪತ್ತಾಯಿತು, ಮೂವತ್ತಾಯಿತು. ಈ ನಡುವೆ ಇನ್ನೊಂದು ಸಲ ಆ ವ್ಯಾನಿನ ಎದುರು ಹೋಗಬೇಕಾಯಿತು. ಮತ್ತೆ ರಸ್ತೆ ದಾಟಿ ಆ ಬದಿಗೇ ಹೋದೆ, ತಲೆ ತಗ್ಗಿಸಿಕೊಂಡು.

ಬೆಂಚಿನ ಹತ್ತಿರ ನಾನೂ ಹೇಮಚಂದ್ರರೂ ಮತ್ತೆ ಸೇರಿದಾಗ ಇಬ್ಬರ ಕೈಯೂ ಖಾಲಿ. ನನ್ನ ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅತ್ತೆ ಎದ್ದು ನಿಂತಿದ್ದರು.

“ಪೊಲೀಸ್ನೋರ್ನ ಕೇಳಿದ್ರಾ?”

ನಾನು ಬಗ್ಗಿ ಪ್ಯಾಂಟಿನ ನೀರು ಹಿಂಡತೊಡಗಿದೆ.

“ಕೇಳಿಲ್ವಾ?” ಅವರು ಒಮ್ಮೆ ಮಗನನ್ನು ನೋಡಿದರು, ಒಮ್ಮೆ ನನ್ನನ್ನು. “ಎಷ್ಟೊತ್ತಾತು?”

“ಮುಕ್ಕಾಲ್ ಗಂಟೆ,” ಅಂದರು ಹೇಮಚಂದ್ರ.

“ಥೂ ನಿಮ್ಮ! ಓದಿರೋ ಮುಖಕ್ಕಿಷ್ಟು. ಮಗು ಹೋಗಿ ಮುಕ್ಕಾಲು ಗಂಟೆ ಆದ್ರೂ ಇಲ್ಲಿ ಕಾಗದ ಪತ್ರದ ಯೋಚ್ನೆ ಮಾಡ್ತಾ ನಿಂತಿದೀರಾ?”

“ಅಮ್ಮ, ನಿನಗೆ ಇಂಗ್ಲಿಷ್…”

“ಇಂಗ್ಲಿಷ್ ಬರಲ್ಲ, ಏನೀಗ? ಮೊಮ್ಮಗಳಿದಾಳೆ ಅಂತ ಹೇಳಾಕೆ ಇಂಗ್ಲಿಷ್ ಬೇಕಾ?”

ಸೊಂಟದಿಂದ ಸಂಚಿ ಎಳೆದರು, ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದರು, ಕಟ್ಟೆಯ ಮೇಲೆ ನಡೆಯತೊಡಗಿದರು. ಅರವತ್ತೆಂಟು ವರ್ಷ, ಮಂಡಿ ನೋವು, ಆದರೂ ಆ ನಡಿಗೆ ನೋಡಬೇಕಿತ್ತು. ಎದುರಿನಿಂದ ಬರುವವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಒಂದು ಕ್ಷಣ ನಿಂತೇ ಇದ್ದೆ. ಆ ಒಂದು ಕ್ಷಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಮೇಲೆ ಓಡಿದೆ.

ನಾನು ವ್ಯಾನಿನ ಹತ್ತಿರ ಬರುವಷ್ಟರಲ್ಲಿ ಅತ್ತೆ ಅದರ ಬಾಗಿಲನ್ನು ಅಂಗೈಯಿಂದ ದಬದಬ ಬಡಿಯುತ್ತಿದ್ದರು. ಮುಂದಿನಿಂದ ಪೊಲೀಸ್ ಹೆಂಗಸು ಇಳಿದಳು. ಆರ್ಕೇಡಿನಲ್ಲಿ ಕಂಡವಳೇ. ಅತ್ತೆ ಪಾಸ್‌ಪೋರ್ಟನ್ನು ಅವಳ ಕೈಗೆ ತುರುಕಿ, ತಮ್ಮ ಸೊಂಟದ ಎತ್ತರಕ್ಕೆ ಕೈ ಹಿಡಿದು, “ಇಷ್ಟ್ ಎತ್ರ. ಬೇಬಿ. ಹಳದಿ ಅಂಗಿ. ನನ್ ಮೊಮ್ಮಗಳು,” ಅಂದರು.

ಆ ಹೆಂಗಸು ಪಾಸ್‌ಪೋರ್ಟ್ ತೆರೆದೂ ನೋಡಲಿಲ್ಲ. ಅದನ್ನು ಹಾಗೆಯೇ ಅತ್ತೆಯ ಕೈಗೆ ವಾಪಸ್ಸು ಕೊಟ್ಟು, ವ್ಯಾನಿನ ಪಕ್ಕದ ಬಾಗಿಲನ್ನು ಸರ್ರನೆ ಸರಿಸಿದಳು.

ಒಳಗೆ ಸೀಟಿನ ಮೇಲೆ ಕೃತಿ ಕೂತಿದ್ದಳು. ಭುಜದ ಮೇಲೆ ದೊಡ್ಡದೊಂದು ಹೊದಿಕೆ, ಮಡಿಲಲ್ಲಿ ಕವರು ಬಿಚ್ಚದ ಚಾಕೊಲೇಟು. ತುಟಿಯನ್ನು ಎಷ್ಟು ಒತ್ತಿ ಹಿಡಿದಿದ್ದಳೆಂದರೆ ಸುತ್ತ ಬಿಳಿಚಿಕೊಂಡಿತ್ತು.

ನಾನು ಒಳಗೆ ನುಗ್ಗಿ ಅವಳನ್ನು ಬಾಚಿ ತಬ್ಬಿಕೊಂಡೆ. ಗೊಳೋ ಅಂತ ಅತ್ತುಬಿಟ್ಟೆ. ಅವಳು ಅಳಲಿಲ್ಲ. ಮಾತೂ ಆಡಲಿಲ್ಲ.

“ಕಾರ್ ಪಾರ್ಕಿನಲ್ಲಿ ಸಿಕ್ಕಳು,” ಅಂತ ಹೇಳಿದಳು ಪೊಲೀಸ್ ಹೆಂಗಸು. ಇಂಗ್ಲಿಷಿನಲ್ಲೇ, ಮೃದುವಾಗಿ. “ಒಂದೊಂದೇ ಕಾರಿನ ಹಿಂದೆ ಹೋಗಿ ಯಾರನ್ನೋ ಹುಡುಕುತ್ತಿದ್ದಳು. ನಲವತ್ತು ನಿಮಿಷದಿಂದ ಹೆಸರು ಕೇಳ್ತಾ ಇದ್ದೀವಿ. ಒಂದಕ್ಷರ ಹೇಳಲಿಲ್ಲ. ಮಾತು ಬರದ ಮಗುವೇನೋ ಅಂದುಕೊಂಡೆವು.”

ಕಾರಿನ ಹಿಂದೆ ಅವಳು ಹುಡುಕಿದ್ದು ಅಪ್ಪನನ್ನು. ಪೊಲೀಸ್ ಕಂಡರೆ ಅಪ್ಪನ ಹಿಂದೆ ನಿಂತುಕೋ ಅಂದಿದ್ದೆನಲ್ಲ. ಅಪ್ಪ ಎಲ್ಲಿ ಹೋಗಿದ್ದಾರೆಂದು ಅವಳಿಗೆ ಗೊತ್ತಿತ್ತು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು ನನ್ನ ಮಗಳು.

“ಮಾತಾಡು ಪುಟ್ಟಿ. ಅಮ್ಮ ಬಂದಿದೀನಿ, ನೋಡು. ಮಾತಾಡೇ,” ಅಂದೆ.

ಅವಳು ನನ್ನನ್ನು ನೋಡಿದಳು. ನಿಧಾನವಾಗಿ ಅಂಗೈ ಚಾಚಿದಳು.

ಬ್ಯಾಗಿನ ಜಿಪ್ ತೆರೆಯಲು ಎರಡು ಸಲ ಎಳೆಯಬೇಕಾಯಿತು. ಒಳಜೇಬಿನಿಂದ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ತುಟಿಯ ಬಳಿ ಎರಡು ಸುತ್ತು ತಿರುಗಿಸಿದಳು.

“ಮ್ಯಾಮಿ, ಐ ಸಾ ಯು,” ಅಂದಳು. “ಯು ವೆಂಟ್ ಪಾಸ್ಟ್. ಟು ಟೈಮ್ಸ್.”

ವ್ಯಾನಿನ ಕಿಟಕಿಯಿಂದ ನನ್ನನ್ನು ನೋಡಿದ್ದಳು. ಎರಡು ಸಲವೂ ನೋಡಿದ್ದಳು. ನಾನು ತಲೆ ತಗ್ಗಿಸಿ ರಸ್ತೆ ದಾಟಿ ಆ ಬದಿಗೆ ಹೋದದ್ದನ್ನೂ ನೋಡಿದ್ದಳು. ಬೀಗದ ಕೈ ನನ್ನ ಬ್ಯಾಗಿನಲ್ಲಿತ್ತು, ಅದಕ್ಕೆ ಕೂಗಲಿಲ್ಲ.

ಪೊಲೀಸ್ ಹೆಂಗಸು ಪುಸ್ತಕ ತೆರೆದಳು. ಅಮ್ಮನ ಹೆಸರು, ವಿಳಾಸ, ಫೋನ್ ನಂಬರು ಬರೆದುಕೊಳ್ಳಬೇಕು, ನಿಯಮ ಅಂದಳು. ಹೇಮಚಂದ್ರ ನನ್ನ ಹಿಂದೆ ಬಂದು ನಿಂತಿದ್ದರು. ಈ ಕಡೆಯದೇ ಊರಾದ ಡೆರ್ರಿಯ ಒಂದು ರಸ್ತೆಯ ಹೆಸರು ನನಗೆ ಗೊತ್ತಿತ್ತು. ಸುಳ್ಳು ಹೇಳಬಹುದಿತ್ತು. ಕೃತಿ ನನ್ನ ಬಾಯನ್ನೇ ನೋಡುತ್ತಿದ್ದಳು.

“ವನಜಾ ಹೇಮಚಂದ್ರ,” ಅಂದೆ. ಲೆಟರ್‌ಕೆನ್ನಿಯ ಮನೆ ನಂಬರು, ರಸ್ತೆ, ಕೆಲಸ ಮಾಡುವ ಆಸ್ಪತ್ರೆ, ಕೇಳದಿದ್ದರೂ ಹುಟ್ಟಿದ ತಾರೀಕು, ಎಲ್ಲ ಹೇಳಿದೆ. ಲೆಟರ್‌ಕೆನ್ನಿ ಅಂದಾಗ ಅವಳ ಪೆನ್ನು ನಿಂತಿತು. ಕತ್ತೆತ್ತಿ ನನ್ನನ್ನು ನೋಡಿದಳು, ಒದ್ದೆ ಬಟ್ಟೆ ನೋಡಿದಳು. ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಅಂತ ಕಾದೆ.

“ದೂರದ ದಾರಿ. ಒದ್ದೆ ಬಟ್ಟೆ ಬದಲಾಯಿಸಿಕೊಂಡು ಹೊರಡಿ,” ಅಂದಳು. ಪುಸ್ತಕ ಮುಚ್ಚಿದಳು.

ವಾಪಸ್ಸು ಬರುವಾಗ ಅತ್ತೆ ಕೃತಿಯ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಬಿಳಿ ಗೆರೆ ಹಳದಿಯಾದಾಗ ನನಗೆ ಎಳ್ಳಷ್ಟೂ ಸಮಾಧಾನವಾಗಲಿಲ್ಲ. ಹಿಂದೆ ತಿರುಗಿ, “ಆಟ ಮುಗೀತು ಪುಟ್ಟಿ, ಆ ಕೀ ಆಚೆ ಎಸೆದುಬಿಡು,” ಅಂದೆ. ಅವಳು ಮುಷ್ಟಿಯನ್ನು ನನ್ನ ಕಡೆಗೇ ಚಾಚಿದಳು.

“ಯು ಕೀಪ್ ಇಟ್, ಮ್ಯಾಮಿ.”

ಆಮೇಲೆ ಏನಾಯಿತು ಅಂದರೆ, ಏನೂ ಆಗಲಿಲ್ಲ. ದಿನಾ ಬಾಗಿಲ ಹತ್ತಿರ ಬಿದ್ದ ಕಾಗದಗಳನ್ನು ಹೆದರಿ ಹೆದರಿ ಎತ್ತಿಕೊಂಡೆ. ಅತ್ತೆ ಊರಿಗೆ ಹೋದರು. ಯಾವ ಫೋನೂ ಬರಲಿಲ್ಲ, ಪೋರ್ಟ್‌ರಶ್ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಫೆಬ್ರವರಿಯಲ್ಲಿ ಪೌರತ್ವ ಮಂಜೂರಾದ ಪತ್ರ ಬಂತು. ಹೇಮಚಂದ್ರ ಅದನ್ನು ಕೈಯಲ್ಲಿ ಹಿಡಿದು ಅಡಿಗೆಮನೆಯಲ್ಲಿ ಕುಣಿದರು. ಅತ್ತೆಗೆ ಫೋನ್ ಮಾಡಿದರೆ, “ಮಗು ಚೆನ್ನಾಗೈತಾ?” ಅಂತಷ್ಟೇ ಕೇಳಿದರು.

ಪ್ರಮಾಣವಚನದ ದಿನ ಸಭಾಂಗಣದ ಬಾಗಿಲಲ್ಲಿ ಉದ್ದದ ಸಾಲಿತ್ತು. ಸೀರೆಗಳು, ಸೂಟುಗಳು, ಎಲ್ಲ ದೇಶದ ಬಣ್ಣ. ಕೃತಿಗೆ ಹೊಸ ಹಸಿರು ಫ್ರಾಕು ಹಾಕಿದ್ದೆ. ಬಾಗಿಲಲ್ಲಿ ನಿಂತಿದ್ದ ಗಾರ್ಡಾ, ಅಂದರೆ ನಮ್ಮ ಕಡೆಯ ಪೊಲೀಸು, ವಯಸ್ಸಾದ ದಪ್ಪನೆಯ ಮನುಷ್ಯ. ಬಂದ ಮಕ್ಕಳನ್ನೆಲ್ಲ ಮಾತಾಡಿಸುತ್ತಿದ್ದ. ನಮ್ಮ ಸರದಿ ಬಂದಾಗ ಮಂಡಿಯ ಮೇಲೆ ಕೈಯೂರಿ ಬಗ್ಗಿದ.

“ಏನಮ್ಮ ನಿನ್ ಹೆಸ್ರು?” ಅಂತ ಇಂಗ್ಲಿಷಿನಲ್ಲಿ ಕೇಳಿದ.

ಕೃತಿ ಸುಮ್ಮನೆ ನಿಂತಳು. ತುಟಿ ಒತ್ತಿಕೊಂಡಿತು. ಪಾಪ, ನಾಚಿಕೆ ಅಂದುಕೊಂಡು ಆತ ನಕ್ಕ. ನಮ್ಮ ಹಿಂದೆ ಸಾಲು ನಿಂತಿತು. ಹೇಮಚಂದ್ರ, “ಹೇಳು ಮರಿ, ಹೇಳು,” ಅಂದರು.

ಅವಳು ನನ್ನ ಕಡೆ ನೋಡಿದಳು. ಯಾರಿಗೂ ಕಾಣದ ಹಾಗೆ, ಫ್ರಾಕಿನ ನೆರಿಗೆಯ ಮರೆಯಲ್ಲಿ, ಅಂಗೈ ಚಾಚಿದಳು.

ನಾನು ಅಲ್ಲೇ, ಎಲ್ಲರ ಎದುರಿಗೇ, ನೆಲಕ್ಕೆ ಮಂಡಿಯೂರಿ ಬ್ಯಾಗಿನ ಜಿಪ್ ತೆಗೆದೆ.